ಚರ್ಚಿನ ನೇರಪ್ರಸಾರಕ್ಕೆ ಕಡಿಮೆ ಖರ್ಚಿನ ಕ್ಯಾಮೆರಾ ಡಾಲಿ: ಹಳಿ, ಚಕ್ರ ಮತ್ತು ಚಲನೆಯ ಕುರಿತು ಚರ್ಚೆ

ಪ್ರಸಾರ_ಸೇವೆ:

ನಮ್ಮ ಚರ್ಚಿನ ಭಾನುವಾರದ ಆರಾಧನೆಯನ್ನು ನೇರಪ್ರಸಾರ ಮಾಡುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಹಾಸಿಗೆ ಹಿಡಿದವರು, ಮೆಟ್ಟಿಲು ಹತ್ತಲಾಗದ ಹಿರಿಯರು, ಕೆಲಸದ ನಿಮಿತ್ತ ಪರವೂರಿನಲ್ಲಿರುವವರು ಈ ಪ್ರಸಾರವನ್ನೇ ನೆಚ್ಚಿಕೊಂಡಿರುವುದರಿಂದ, ಅದನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕೆಂಬ ಆಸೆ ತಂಡದ ಎಲ್ಲರಿಗೂ ಇದೆ. ನಮ್ಮಲ್ಲಿ ಎರಡು ಕ್ಯಾಮೆರಾಗಳಿವೆ. ಒಂದು ಹಿಂಬದಿಯಲ್ಲಿ ಟ್ರೈಪಾಡಿನ ಮೇಲೆ ನಿಂತು ಬಲಿಪೀಠವನ್ನು ಪೂರ್ತಿಯಾಗಿ ತೋರಿಸುತ್ತದೆ. ಇನ್ನೊಂದನ್ನು ಎಡಬದಿಯ ಹಾದಿಯಲ್ಲಿಟ್ಟು, ಗಾಯಕವೃಂದದ ಕಡೆಯಿಂದ ಪ್ರಸಂಗಪೀಠದ ಕಡೆಗೆ ನಿಧಾನವಾಗಿ ಸರಿಯುವಂತೆ ಮಾಡಲು ಡಾಲಿಯೊಂದನ್ನು (ಕ್ಯಾಮೆರಾ ಹೊತ್ತು ಹಳಿಯ ಮೇಲೆ ಉರುಳುವ ಗಾಡಿ) ನಾವೇ ಕಟ್ಟಿಕೊಳ್ಳಬೇಕೆಂದಿದ್ದೇವೆ. ಸಿದ್ಧ ಡಾಲಿಯನ್ನು ಕೊಳ್ಳುವಷ್ಟು ಹಣ ಸಭೆಯ ನಿಧಿಯಲ್ಲಿ ಇಲ್ಲ. ಇದ್ದರೂ ಅದಕ್ಕಿಂತ ಮೊದಲು ಆಗಬೇಕಾದ ಕೆಲಸಗಳು ಬೇಕಾದಷ್ಟಿವೆ.

ಸದ್ಯದ ನಕ್ಷೆ ಹೀಗಿದೆ: ಒಂದು ಪ್ಲೈವುಡ್ ಹಲಗೆ, ಅದರ ನಾಲ್ಕು ಮೂಲೆಗಳಲ್ಲಿ ಸ್ಕೇಟ್‌ಬೋರ್ಡಿನ ಚಕ್ರಗಳು, 3 ಮೀಟರ್ ಉದ್ದದ ಎರಡು ಪಿವಿಸಿ ಪೈಪುಗಳ ಹಳಿ, ಹಲಗೆಯ ಮೇಲೆ ನಮ್ಮ ಹಳೆಯ ಟ್ರೈಪಾಡ್. ಇರುವ ಹಣವನ್ನು ಚಕ್ರಕ್ಕೆ ಹಾಕಬೇಕೋ ಹಳಿಗೆ ಹಾಕಬೇಕೋ, ಪ್ರಸಂಗದ ವೇಳೆ ಸದ್ದು ಬಾರದಂತೆ ಏನು ಮಾಡಬೇಕು, ಕೈಯಿಂದ ತಳ್ಳಿದರೆ ಸಾಕೋ ಮೋಟಾರು ಬೇಕೋ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಬಡಗಿಯ_ಕೈ:

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಹಣವೂ ಸಮಯವೂ ಹಳಿಗೇ ಸಲ್ಲಬೇಕು. ಚಕ್ರ ಎಷ್ಟೇ ಒಳ್ಳೆಯದಾಗಿದ್ದರೂ ಹಳಿಯಲ್ಲಿರುವ ಏರುತಗ್ಗನ್ನು ಅದು ಹಾಗೆಯೇ ಕ್ಯಾಮೆರಾಕ್ಕೆ ಒಪ್ಪಿಸುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಎರಡು ಹಳಿಗಳ ನಡುವೆ 40 ಸೆಂಟಿಮೀಟರ್ ಅಂತರವಿದ್ದು, ಕ್ಯಾಮೆರಾ 1.5 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಒಂದು ಹಳಿಯಲ್ಲಿ ಕೇವಲ 1 ಮಿಲಿಮೀಟರ್ ಉಬ್ಬು ಇದ್ದರೆ ಮೇಲಿರುವ ಕ್ಯಾಮೆರಾ ಸುಮಾರು 3.75 ಮಿಲಿಮೀಟರ್ ಪಕ್ಕಕ್ಕೆ ವಾಲುತ್ತದೆ. ಅಂತರವನ್ನು ವೃತ್ತಿಪರ ಹಳಿಗಳಲ್ಲಿ ಸಾಮಾನ್ಯವಾಗಿರುವ 62 ಸೆಂಟಿಮೀಟರಿಗೆ ಹೆಚ್ಚಿಸಿದರೆ ಅದೇ ಉಬ್ಬಿಗೆ ವಾಲಾಟ 2.4 ಮಿಲಿಮೀಟರಿಗೆ ಇಳಿಯುತ್ತದೆ. ಆದ್ದರಿಂದ ಹಾದಿಯಲ್ಲಿ ಜಾಗ ಇರುವಷ್ಟೂ ಹಳಿಗಳನ್ನು ಅಗಲವಾಗಿ ಇಡಿ, ಕ್ಯಾಮೆರಾವನ್ನು ಸಾಧ್ಯವಾದಷ್ಟು ತಗ್ಗಿಸಿ.

ಪಿವಿಸಿ ಪೈಪು ಅಗ್ಗವೇನೋ ಹೌದು, ಆದರೆ ಆಧಾರವಿಲ್ಲದ ಕಡೆ ಅದು ಭಾರಕ್ಕೆ ಬಾಗುತ್ತದೆ. ಸುಮಾರು ಅರ್ಧ ಮೀಟರಿಗೊಂದರಂತೆ ಅಡ್ಡಪಟ್ಟಿಗಳನ್ನು ಕೊಟ್ಟು, ಪೈಪು ಕೂರುವಂತೆ ಅವುಗಳಲ್ಲಿ ಅರೆವೃತ್ತದ ತೋಡು ಕೊರೆದು, ಪ್ರತಿ ಪಟ್ಟಿಯ ಕೆಳಗೂ ತೆಳುವಾದ ಮರದ ಬೆಣೆಗಳನ್ನು ಹೊಡೆದು ರಸಮಟ್ಟದಿಂದ ಸಮತಟ್ಟು ಮಾಡಿಕೊಳ್ಳಬೇಕು. ದಪ್ಪ ಗೋಡೆಯ ಪೈಪನ್ನೇ ಆರಿಸಿ. ಅಳತೆಗೆ ಕತ್ತರಿಸುವ ಮುನ್ನ ಅಂಗಡಿಯ ಸಮತಟ್ಟಾದ ನೆಲದ ಮೇಲೆ ಉರುಳಿಸಿ ನೋಡಿದರೆ ಬಾಗಿದ ಪೈಪು ತಕ್ಷಣ ಗೊತ್ತಾಗುತ್ತದೆ. ಸ್ವಲ್ಪ ಹೆಚ್ಚು ಖರ್ಚು ಮಾಡಬಹುದಾದರೆ ಕಬ್ಬಿಣದ ಅಥವಾ ಅಲ್ಯೂಮಿನಿಯಂನ ದುಂಡು ಪೈಪು ಎಲ್ಲ ರೀತಿಯಿಂದಲೂ ಮೇಲು.

3 ಮೀಟರನ್ನು ಒಂದೇ ತುಂಡಿನಲ್ಲಿ ಇಡಲಾಗದೆ ಜೋಡಣೆ ಮಾಡಲೇಬೇಕಾದರೆ, ಹೊರಗಿನಿಂದ ಹಾಕುವ ಜಾಯಿಂಟ್ ಬೇಡ. ಪೈಪಿನ ಒಳಗೆ ಬಿಗಿಯಾಗಿ ಕೂರುವ ಮರದ ಗೂಟವನ್ನು ಸೇರಿಸಿ ಎರಡೂ ತುದಿಗಳನ್ನು ಒತ್ತಿ ಕೂಡಿಸಿ. ಎರಡು ಹಳಿಗಳ ಜೋಡಣೆಗಳು ಒಂದೇ ಎದುರಿಗೆ ಬಾರದಂತೆ, ಒಂದು ಹಳಿಯ ಕೂಡು ಮತ್ತೊಂದರ ನಡುಭಾಗಕ್ಕೆ ಬರುವಂತೆ ಇಟ್ಟರೆ ಎರಡೂ ಬದಿಯ ಚಕ್ರಗಳು ಏಕಕಾಲಕ್ಕೆ ಎಗರುವುದು ತಪ್ಪುತ್ತದೆ.

ಈಗ ಚಕ್ರದ ವಿಷಯ. ದುಂಡು ಪೈಪಿನ ಮೇಲೆ ಚಕ್ರ ಜಾರದಂತೆ ನಿಲ್ಲಬೇಕಾದರೆ ಎರಡು ಚಕ್ರಗಳು 90 ಡಿಗ್ರಿ ಕೋನದಲ್ಲಿ ಪೈಪನ್ನು ಎರಡೂ ಕಡೆಯಿಂದ ಅಪ್ಪಿಕೊಳ್ಳಬೇಕು. ಅಲ್ಯೂಮಿನಿಯಂ ಆಂಗಲ್ ಪಟ್ಟಿಯ ಎರಡು ಮುಖಗಳಿಗೂ ಒಂದೊಂದು ಚಕ್ರ ಕೂರಿಸಿದರೆ ಆ ಕೋನ ತಾನಾಗಿಯೇ ಸಿಗುತ್ತದೆ. ಸ್ಕೇಟ್‌ಬೋರ್ಡ್ ಚಕ್ರಗಳಲ್ಲಿ ಇರುವುದು 608 ಎಂಬ ಅಳತೆಯ ಬೇರಿಂಗ್. ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿಲಿಮೀಟರ್. ಹಾಗಾಗಿ 8 ಮಿಲಿಮೀಟರ್ ಬೋಲ್ಟು ಸರಿಯಾಗಿ ಕೂರುತ್ತದೆ. ಬಹಳ ಮಂದಿ ಗಮನಿಸದ ಅಂಶವೊಂದಿದೆ: ಬೇರಿಂಗ್ ಮತ್ತು ಆಂಗಲ್ ಪಟ್ಟಿಯ ನಡುವೆ ಬೇರಿಂಗಿನ ಒಳಬಳೆಗೆ ಮಾತ್ರ ತಾಗುವಷ್ಟು ಚಿಕ್ಕ ವಾಷರ್ ಹಾಕಬೇಕು. ದೊಡ್ಡ ವಾಷರ್ ಹಾಕಿದರೆ ಅದು ಹೊರಬಳೆಗೂ ಉಜ್ಜಿ, ಬೋಲ್ಟು ಬಿಗಿ ಮಾಡಿದಷ್ಟೂ ಚಕ್ರ ಬಿಗಿಯುತ್ತದೆ. ಚಕ್ರದ ಎರಡು ಬೇರಿಂಗುಗಳ ನಡುವಿನ ಪುಟ್ಟ ಕೊಳವೆಯನ್ನು (ಸ್ಪೇಸರ್) ಬಿಟ್ಟುಹಾಕಬೇಡಿ, ಮತ್ತು ನೈಲಾನ್ ಉಂಗುರವಿರುವ ನಟ್ಟನ್ನೇ ಬಳಸಿ. ಅದು ಅದುರಿಕೆಗೆ ಸಡಿಲವಾಗುವುದಿಲ್ಲ.

ಇನ್ನು ನಾಲ್ಕು ಮೂಲೆಗೆ ನಾಲ್ಕು ಜೋಡಿ ಎಂಬ ನಕ್ಷೆಯನ್ನು ಬದಲಿಸುವಂತೆ ಕೇಳಿಕೊಳ್ಳುತ್ತೇನೆ. ನಾಲ್ಕು ಕಾಲಿನ ಮೇಜು ಸಮವಲ್ಲದ ನೆಲದಲ್ಲಿ ಕುಂಟುವ ಹಾಗೆಯೇ ನಾಲ್ಕು ಕಡೆ ಬಿಗಿಯಾಗಿ ಕೂರಿಸಿದ ಡಾಲಿಯೂ ಕುಂಟುತ್ತದೆ. ಒಂದು ಹಳಿಯ ಮೇಲೆ ಎರಡು ಜೋಡಿ, ಇನ್ನೊಂದು ಹಳಿಯ ಮೇಲೆ ನಡುವೆ ಒಂದೇ ಜೋಡಿ ಇಟ್ಟರೆ ಮೂರೂ ಸದಾ ಹಳಿಗೆ ತಾಗಿಯೇ ಇರುತ್ತವೆ. ಆ ಒಂಟಿ ಜೋಡಿಯ ಬದಲು ಚಪ್ಪಟೆಯಾಗಿ ಪೈಪಿನ ಮೇಲೆ ಉರುಳುವ ಒಂದೇ ಚಕ್ರ ಹಾಕಿದರೆ ಇನ್ನೂ ಒಳ್ಳೆಯದು. ಹಳಿಗಳು ಪೂರ್ತಿ ಸಮಾಂತರವಾಗಿ ಇಲ್ಲದಿದ್ದರೂ ಡಾಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಟ್ರೈಪಾಡಿನ ಮೂರು ಕಾಲುಗಳು ಆ ಮೂರು ಚಕ್ರಸ್ಥಾನಗಳ ಮೇಲೆಯೇ ಬರುವಂತೆ ನೋಡಿಕೊಂಡರೆ ಹಲಗೆಯ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ. ಹಲಗೆ 18 ಮಿಲಿಮೀಟರ್ ದಪ್ಪದ್ದಿರಲಿ.

ಧ್ವನಿ_ಮೇಜು:

ಸದ್ದಿನ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಪ್ರಸಂಗದ ನಡುವೆ ಬೋಧಕರು ಒಂದು ಕ್ಷಣ ಮಾತು ನಿಲ್ಲಿಸಿದಾಗ ಇಡೀ ಕಟ್ಟಡ ನಿಶ್ಶಬ್ದವಾಗುತ್ತದೆ, ಮತ್ತು ಎತ್ತರದ ಛಾವಣಿಯ ಕಟ್ಟಡದಲ್ಲಿ ಸಣ್ಣ ಕಿರುಗುಟ್ಟುವಿಕೆಯೂ ದೂರದ ಬೆಂಚಿನವರೆಗೆ ಕೇಳುತ್ತದೆ. ಡಾಲಿಯ ಸದ್ದಿಗೆ ಮುಖ್ಯ ಮೂಲ ಚಕ್ರವಲ್ಲ, ಟೊಳ್ಳು ಪೈಪು. ಚಕ್ರ ಉರುಳುವಾಗ ಪೈಪು ಗುಂಯ್ಗುಡುತ್ತದೆ. ಪೈಪಿನೊಳಗೆ ಒಣ ಮರಳು ತುಂಬಿ ಎರಡೂ ತುದಿಗಳನ್ನು ಮುಚ್ಚಿದರೆ ಗುಂಯ್ಗುಡುವುದು ಬಹುಮಟ್ಟಿಗೆ ನಿಲ್ಲುತ್ತದೆ, ಹಳಿಗೆ ತೂಕವೂ ಬರುತ್ತದೆ. ಹೊತ್ತು ಸಾಗಿಸುವವರಿಗೆ ಮರಳಿನ ಭಾರ ಬೇಡವೆಂದರೆ ಹಳೆಯ ಬಟ್ಟೆಯನ್ನು ಬಿಗಿಯಾಗಿ ತುರುಕಿದರೂ ಆದೀತು. ಅಡ್ಡಪಟ್ಟಿಗಳ ಕೆಳಗೆ ರಬ್ಬರ್ ಹಾಸು ಇರಲಿ. ನೆಲಕ್ಕೆ ಅದುರಿಕೆ ಇಳಿಯುವುದಿಲ್ಲ, ಹಳಿ ಜಾರುವುದೂ ಇಲ್ಲ.

ಚಕ್ರ ಕೊಳ್ಳುವಾಗ ಅದರ ಗಡಸುತನದ ಅಂಕಿ ನೋಡಿ. ಪಾಲಿಯುರೆಥೇನ್ ಚಕ್ರಗಳ ಮೇಲೆ 78ಎ, 99ಎ ಎಂದು ಬರೆದಿರುತ್ತದೆ. ಅಂಕಿ ಕಡಿಮೆಯಾದಷ್ಟೂ ಚಕ್ರ ಮೆದು. 80ಎ ಆಸುಪಾಸಿನ ಮೆದು ಚಕ್ರಗಳು ಸಣ್ಣ ಒರಟನ್ನು ನುಂಗಿಕೊಂಡು ಸದ್ದಿಲ್ಲದೆ ಉರುಳುತ್ತವೆ. ಡಾಲಿ ಹೊರಡುವ ಮೊದಲು ಪ್ರತಿ ಸಲವೂ ಹಳಿಯನ್ನು ಒಣಬಟ್ಟೆಯಿಂದ ಒರೆಸಿ. ಒಂದು ಸಣ್ಣ ಕಲ್ಲುಚೂರು ಇದ್ದರೂ ಅದು ಟಕ್ ಎಂದು ಕೇಳುತ್ತದೆ ಮತ್ತು ಚಿತ್ರದಲ್ಲಿಯೂ ಕಾಣುತ್ತದೆ.

ಲೆನ್ಸ್_ಹಿಂದೆ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಕಟ್ಟುವ ಮುನ್ನ ಡಾಲಿಯಿಂದ ನಿಮಗೆ ಏನು ಬೇಕೆಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಬರೀ ಚೌಕಟ್ಟು ನಿಧಾನವಾಗಿ ಸರಿದರೆ ಸಾಕೆಂದಾದರೆ ಡಾಲಿಯೇ ಬೇಡ. 3840×2160ರಲ್ಲಿ ಚಿತ್ರೀಕರಿಸಿ, 1920×1080ರ ಚೌಕಟ್ಟನ್ನು ಅದರೊಳಗೆ ಸಾಫ್ಟ್‌ವೇರಿನಿಂದಲೇ ಸರಿಸಬಹುದು. ಅಲುಗಾಟವಿಲ್ಲ, ಸದ್ದಿಲ್ಲ, ಹಾದಿಗೆ ಅಡ್ಡಿಯಿಲ್ಲ. ಆದರೆ ಡಾಲಿ ಕೊಡುವ ಆಳ ಅದರಿಂದ ಸಿಗುವುದಿಲ್ಲ. ಕ್ಯಾಮೆರಾ ನಿಜವಾಗಿ ಸರಿದಾಗ ಹತ್ತಿರದ ವಸ್ತು ಬೇಗ, ದೂರದ್ದು ನಿಧಾನವಾಗಿ ಸರಿಯುತ್ತದೆ. ಕಟ್ಟಡದ ಒಳಗೆ ನಾವೇ ಇದ್ದೇವೆಂಬ ಭಾವ ಬರುವುದು ಆ ವ್ಯತ್ಯಾಸದಿಂದ. ಹಾಗಾಗಿ ಮುಂಭಾಗದಲ್ಲಿ ಕಂಬವೋ, ಮೇಣದ ಬತ್ತಿಗಳ ಸ್ಟ್ಯಾಂಡೋ, ಹೂಗಳ ಅಲಂಕಾರವೋ, ಬೆಂಚಿನ ಅಂಚೋ ಇರುವಂತೆ ಹಳಿಯ ಜಾಗವನ್ನು ಆರಿಸಿ. ಖಾಲಿ ಜಾಗದ ಮುಂದೆ ಡಾಲಿ ಓಡಿಸಿದರೆ ನೋಡುವವರಿಗೆ ಅದು ಪ್ಯಾನ್ ಮಾಡಿದಂತೆಯೇ (ನಿಂತಲ್ಲೇ ಕ್ಯಾಮೆರಾ ತಿರುಗಿಸಿದಂತೆಯೇ) ಕಾಣುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ಬಡಗಿಯವರು ಹೇಳಿದ 1 ಮಿಲಿಮೀಟರ್ ಉಬ್ಬನ್ನು ಲೆನ್ಸಿನ ಕಡೆಯಿಂದ ನೋಡೋಣ. 40 ಸೆಂಟಿಮೀಟರ್ ಅಂತರದಲ್ಲಿ ಆ ಉಬ್ಬು ಕ್ಯಾಮೆರಾವನ್ನು ಸುಮಾರು 0.14 ಡಿಗ್ರಿ ವಾಲಿಸುತ್ತದೆ. ಹಳಿಗೆ ಅಡ್ಡಲಾಗಿ ನೋಡುತ್ತಿರುವ ಕ್ಯಾಮೆರಾದಲ್ಲಿ, ಮೇಲಿನಿಂದ ಕೆಳಗೆ 40 ಡಿಗ್ರಿ ಕಾಣುವ ಅಗಲ ಲೆನ್ಸ್ ಇದ್ದರೆ ಚಿತ್ರದ 1080 ಗೆರೆಗಳಲ್ಲಿ 4 ಗೆರೆಯಷ್ಟು ಜಿಗಿತ. 10 ಡಿಗ್ರಿ ಮಾತ್ರ ಕಾಣುವಂತೆ ಜೂಮ್ ಮಾಡಿದ್ದರೆ 15 ಗೆರೆಯಷ್ಟು. ಮನೆಯಲ್ಲಿ ಕಟ್ಟಿದ ಡಾಲಿಯ ಮೇಲೆ ಅಗಲ ಲೆನ್ಸನ್ನೇ ಬಳಸಿ ಎಂದು ಹೇಳುವುದಕ್ಕೆ ಇದೇ ಕಾರಣ. ಬೋಧಕರ ಮುಖದ ಹತ್ತಿರದ ಚಿತ್ರ ಬೇಕೆನಿಸಿದರೆ ಡಾಲಿಯನ್ನು ನಿಲ್ಲಿಸಿ ಜೂಮ್ ಮಾಡಿ.

ನೇರಪ್ರಸಾರದಲ್ಲಿ ಇನ್ನೊಂದು ಕಷ್ಟವಿದೆ. ಎನ್‌ಕೋಡರ್ (ವಿಡಿಯೋವನ್ನು ಕುಗ್ಗಿಸಿ ಕಳುಹಿಸುವ ಸಾಧನ) ಕೆಲಸ ಮಾಡುವುದು ಬಹುಪಾಲು ಒಂದು ಚೌಕಟ್ಟಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸುವ ಮೂಲಕ. ನಿಂತ ಕ್ಯಾಮೆರಾದಲ್ಲಿ ಆ ವ್ಯತ್ಯಾಸ ಅತ್ಯಲ್ಪ. ಕ್ಯಾಮೆರಾ ಸರಿದಾಗ ಇಡೀ ಚೌಕಟ್ಟೇ ಬದಲಾಗುತ್ತದೆ. ಬಿಟ್‌ರೇಟ್ (ಸೆಕೆಂಡಿಗೆ ಕಳುಹಿಸುವ ಮಾಹಿತಿಯ ಪ್ರಮಾಣ) ಸಾಲದಿದ್ದರೆ ಗೋಡೆಯ ಕೆತ್ತನೆ, ಬಣ್ಣದ ಗಾಜಿನ ಕಿಟಕಿ ಎಲ್ಲವೂ ಚೌಕ ಚೌಕವಾಗಿ ಒಡೆದು ಕಾಣುತ್ತವೆ. ನಿಮ್ಮ ಅಪ್‌ಲೋಡ್ ವೇಗ ಬಿಗಿಯಾಗಿದ್ದರೆ 1080ಕ್ಕೆ ಹಟ ಹಿಡಿಯದೆ 720ಕ್ಕೆ ಇಳಿಯುವುದು ಲೇಸು. ಕೀಫ್ರೇಮ್ (ಇಡೀ ಚಿತ್ರವನ್ನು ಹೊಸದಾಗಿ ಕಳುಹಿಸುವ ಚೌಕಟ್ಟು) ಅಂತರವನ್ನು ಯೂಟ್ಯೂಬ್ ಶಿಫಾರಸು ಮಾಡುವ 2 ಸೆಕೆಂಡಿಗೆ ಇಡಿ. ಕ್ಯಾಮೆರಾದೊಳಗಿನ ಸ್ಥಿರೀಕರಣವನ್ನು ಒಮ್ಮೆ ಬಂದ್ ಮಾಡಿಯೂ ಪರೀಕ್ಷಿಸಿ, ಏಕೆಂದರೆ ಎಷ್ಟೋ ಕ್ಯಾಮೆರಾಗಳು ನಿಧಾನವಾದ ಸರಿತವನ್ನು ಕೈನಡುಕವೆಂದೇ ಭಾವಿಸಿ ಅದನ್ನು ತಡೆಹಿಡಿದು, ಡಾಲಿ ನಿಂತ ಮೇಲೆ ಚಿತ್ರವನ್ನು ಒಮ್ಮೆಲೇ ಜಾರಿಸುತ್ತವೆ. ಶಟರನ್ನು ಸೆಕೆಂಡಿಗೆ 25 ಚೌಕಟ್ಟಿದ್ದರೆ 1/50 ಸೆಕೆಂಡಿನಲ್ಲಿ, 30 ಇದ್ದರೆ 1/60ರಲ್ಲಿ ಇಟ್ಟರೆ ಚಲನೆ ನಯವಾಗಿ ಕಾಣುತ್ತದೆ.

ಪ್ರಸಾರ_ಸೇವೆ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಚೌಕಟ್ಟನ್ನು ಸಾಫ್ಟ್‌ವೇರಿನಲ್ಲಿ ಸರಿಸುವ ಸಲಹೆಯನ್ನು ಹಿಂಬದಿಯ ಕ್ಯಾಮೆರಾಕ್ಕೆ ಬಳಸಿಕೊಳ್ಳುತ್ತೇವೆ. ಆದರೂ ಡಾಲಿಯ ಆಸೆ ಬಿಟ್ಟಿಲ್ಲ. ಬದಿಯ ಹಾದಿಯ ಉದ್ದಕ್ಕೂ ಕಂಬಗಳ ಸಾಲು ಇದೆ. ಸ್ತೋತ್ರಗೀತೆಯ ವೇಳೆ ಕಂಬಗಳ ಹಿಂದಿನಿಂದ ಗಾಯಕವೃಂದ ಮೆಲ್ಲನೆ ಕಾಣಿಸಿಕೊಳ್ಳುವುದನ್ನು ಮನೆಯಲ್ಲಿ ಕೂತವರಿಗೆ ತೋರಿಸಬೇಕೆಂಬುದೇ ನಮ್ಮ ಉದ್ದೇಶ. ಮೋಟಾರಿನ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ. ನಮ್ಮ ತಂಡದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ತಳ್ಳುತ್ತಾರೆ, ಆದ್ದರಿಂದ ಕೇಳುತ್ತಿದ್ದೇನೆ.

ಮೈಕ್ರೋ_ಹೆಜ್ಜೆ:

ಮೋಟಾರು ಹಾಕುವುದಾದರೆ ತ್ರಿಡಿ ಪ್ರಿಂಟರುಗಳಲ್ಲಿ ಬಳಸುವ ನೆಮಾ 17 ಅಳತೆಯ ಸ್ಟೆಪ್ಪರ್ ಮೋಟಾರು (ಸಣ್ಣ ಹೆಜ್ಜೆಗಳಲ್ಲಿ ತಿರುಗುವ ಮೋಟಾರು), 2 ಮಿಲಿಮೀಟರ್ ಹಲ್ಲಿನಂತರದ ಜಿಟಿ2 ಬೆಲ್ಟು ಮತ್ತು 20 ಹಲ್ಲಿನ ಪುಲ್ಲಿ ಸಾಕಾಗುತ್ತವೆ. ಒಂದು ಸುತ್ತಿಗೆ ಡಾಲಿ 40 ಮಿಲಿಮೀಟರ್ ಸಾಗುತ್ತದೆ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರಿನಲ್ಲಿ (ಮೋಟಾರನ್ನು ನಡೆಸುವ ಪುಟ್ಟ ಬೋರ್ಡು) ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3200. ಅಂದರೆ ಒಂದು ಕಿರುಹೆಜ್ಜೆಗೆ 0.0125 ಮಿಲಿಮೀಟರ್, ಯಾವ ಲೆನ್ಸಿಗೂ ಕಾಣದಷ್ಟು ಸಣ್ಣದು. 3 ಮೀಟರ್ ಹಳಿಯನ್ನು 1 ನಿಮಿಷದಲ್ಲಿ ದಾಟಲು ಸೆಕೆಂಡಿಗೆ 4000 ಕಿರುಹೆಜ್ಜೆ ಬೇಕಾಗುತ್ತದೆ. ಸಾಮಾನ್ಯ ಆರ್ಡುಯಿನೋ ಊನೋದ (ಪ್ರೋಗ್ರಾಂ ಬರೆಯಬಹುದಾದ ಪುಟ್ಟ ನಿಯಂತ್ರಣ ಬೋರ್ಡು) ಮೇಲೆ ಆಕ್ಸೆಲ್‌ಸ್ಟೆಪ್ಪರ್ ಎಂಬ ಸಿದ್ಧ ಪ್ರೋಗ್ರಾಂ ಲೈಬ್ರರಿ ನಿಭಾಯಿಸಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ವೇಗ ಬೇಕೆಂದರೆ ಭಾಗಗಳನ್ನು 8ಕ್ಕೆ ಇಳಿಸಿ.

ಸದ್ದಿನ ದೃಷ್ಟಿಯಿಂದ ಡ್ರೈವರಿನ ಆಯ್ಕೆ ಮುಖ್ಯ. ಹಳೆಯ ಮಾದರಿಯ ಎ4988 ಡ್ರೈವರಿನಲ್ಲಿ ಮೋಟಾರು ಸಿಳ್ಳೆ ಹಾಕುತ್ತದೆ. ಟಿಎಂಸಿ2209 ಬಳಸಿದರೆ ನಿಧಾನಗತಿಯಲ್ಲಿ ಅದು ತಿರುಗುತ್ತಿದೆಯೆಂಬುದೇ ತಿಳಿಯುವುದಿಲ್ಲ. ಮೋಟಾರನ್ನು ಹಲಗೆಗೆ ನೇರವಾಗಿ ಬಿಗಿಯದೆ ನಡುವೆ ರಬ್ಬರ್ ಇಡಿ. ಹಳಿಯ ಎರಡೂ ತುದಿಯಲ್ಲಿ ಲಿಮಿಟ್ ಸ್ವಿಚ್ (ಡಾಲಿ ತಾಗಿದೊಡನೆ ಮೋಟಾರು ನಿಲ್ಲಿಸುವ ಗುಂಡಿ) ಕಡ್ಡಾಯ, ಅದರಾಚೆಗೆ ಗಟ್ಟಿಯಾದ ಮರದ ತಡೆಯೂ ಇರಲಿ. ವೇಗ ಏರುವುದೂ ಇಳಿಯುವುದೂ ಕ್ರಮೇಣ ಆಗುವಂತೆ ಪ್ರೋಗ್ರಾಂ ಬರೆದರೆ ಆರಂಭ ಮತ್ತು ಅಂತ್ಯದ ಕುಲುಕಾಟ ಇರುವುದಿಲ್ಲ.

ಬಡಗಿಯ_ಕೈ:

ಮೈಕ್ರೋ_ಹೆಜ್ಜೆಯವರ ಲೆಕ್ಕ ಸರಿಯಾಗಿದೆ. ಆದರೂ ಮೊದಲು ಕೈಯಿಂದಲೇ ನಡೆಸಿ ಎಂಬುದು ನನ್ನ ಅಭಿಪ್ರಾಯ. ಹಳಿ ಸರಿಯಿಲ್ಲದ ಡಾಲಿಗೆ ಮೋಟಾರು ಹಾಕಿದರೆ ಅದೇ ಅಲುಗಾಟ ಸಮವೇಗದಲ್ಲಿ ಬರುತ್ತದೆ, ಅಷ್ಟೇ. ತಳ್ಳುವವರ ಕೈಯ ವ್ಯತ್ಯಾಸ ತಗ್ಗಿಸಲು ಎರಡು ಸುಲಭ ಉಪಾಯಗಳಿವೆ. ಒಂದು, ಹಲಗೆಯ ಮೇಲೆ ಮರಳುಚೀಲಗಳನ್ನಿಟ್ಟು ತೂಕ ಹೆಚ್ಚಿಸುವುದು. ಭಾರವಾದ ಡಾಲಿ ಹೊರಡುವುದೂ ನಿಲ್ಲುವುದೂ ನಿಧಾನ, ಆದ್ದರಿಂದ ಸಣ್ಣ ಎಳೆತಗಳಿಗೆ ಅದು ಓಗೊಡುವುದಿಲ್ಲ. ಎರಡು, ಟ್ರೈಪಾಡನ್ನಾಗಲೀ ಹಲಗೆಯನ್ನಾಗಲೀ ಕೈಯಿಂದ ಮುಟ್ಟದೆ, ಹಲಗೆಯ ಅಂಚಿಗೆ ತಗ್ಗಿನಲ್ಲಿ ಕಟ್ಟಿದ ಹಗ್ಗದಿಂದ ಎಳೆಯುವುದು. ಹಗ್ಗದ ನಡುವೆ ಒಂದು ತುಂಡು ದಪ್ಪ ರಬ್ಬರ್ ಸೇರಿಸಿದರೆ ಕೈಯ ಜಗ್ಗಾಟ ಅಲ್ಲಿಯೇ ಇಂಗಿಹೋಗುತ್ತದೆ.

ಕೇಬಲ್ಲನ್ನು ಮರೆಯಬೇಡಿ. ಡಾಲಿಯ ಜೊತೆ ಎಳೆದಾಡುವ ಎಚ್‌ಡಿಎಂಐ ಕೇಬಲ್ಲಿನ ಭಾರ ಕ್ಯಾಮೆರಾದ ಆ ಪುಟ್ಟ ಸಾಕೆಟ್ಟಿನ ಮೇಲೆ ಬೀಳಬಾರದು. ಕೇಬಲ್ಲನ್ನು ಮೊದಲು ಟ್ರೈಪಾಡಿನ ಕಾಲಿಗೆ, ಆಮೇಲೆ ಹಲಗೆಗೆ ಕಟ್ಟಿ, ಅಲ್ಲಿಂದ ಹಳಿಯ ನಡುಭಾಗದ ಒಂದು ಬಿಂದುವಿಗೆ ಸಡಿಲವಾದ ಕುಣಿಕೆಯಾಗಿ ಬಿಡಿ. ಹಳಿಯ ತುದಿಯಿಂದ ಬಿಟ್ಟರೆ ಕುಣಿಕೆ ಪೂರ್ತಿ 3 ಮೀಟರ್ ಉದ್ದ ಬೇಕು. ನಡುವಿನಿಂದ ಬಿಟ್ಟರೆ ಅದರ ಅರ್ಧ ಸಾಕು. ಕ್ಯಾಮೆರಾಗಳ ಚಿತ್ರ ಬಂದು ಸೇರುವ ಮಿಕ್ಸರ್ ದೂರವಿದ್ದರೆ ಎಚ್‌ಡಿಎಂಐಗಿಂತ ವೃತ್ತಿಪರರು ಬಳಸುವ ಎಸ್‌ಡಿಐ ಕೇಬಲ್ ನಂಬಿಕೆಗೆ ಅರ್ಹ, ಅದರ ತುದಿ ತಿರುಗಿಸಿ ಬೀಗ ಹಾಕುವಂಥದ್ದು, ಎಳೆದರೆ ಕಳಚುವುದಿಲ್ಲ.

ಪೂಜಾವಿಧಿ_ಸಮಿತಿ:

ಇದುವರೆಗಿನ ಚರ್ಚೆ ಬಹಳ ಉಪಯುಕ್ತವಾಗಿದೆ. ನಾನು ತಾಂತ್ರಿಕ ವ್ಯಕ್ತಿಯಲ್ಲ, ಆದರೆ ಡಾಲಿ ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಎಂಬುದನ್ನೂ ಅಷ್ಟೇ ಎಚ್ಚರದಿಂದ ಯೋಚಿಸಬೇಕೆಂದು ವಿನಂತಿಸುತ್ತೇನೆ. ನಾವು ಕಥೋಲಿಕರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಪೂಜಾವಿಧಿಯ ಸಂವಿಧಾನದ 20ನೇ ವಿಧಿಯು, ರೇಡಿಯೋ ಮತ್ತು ದೂರದರ್ಶನದಲ್ಲಿ ಪವಿತ್ರ ವಿಧಿಗಳನ್ನು ಪ್ರಸಾರ ಮಾಡುವಾಗ ವಿವೇಚನೆ ಮತ್ತು ಘನತೆ ಇರಬೇಕೆಂದೂ, ಧರ್ಮಾಧ್ಯಕ್ಷರು ನೇಮಿಸಿದ ಯೋಗ್ಯ ವ್ಯಕ್ತಿಯೊಬ್ಬರ ಮಾರ್ಗದರ್ಶನದಲ್ಲಿ ಅದು ನಡೆಯಬೇಕೆಂದೂ, ಬಲಿಪೂಜೆಯ ವಿಷಯದಲ್ಲಿ ಇದು ವಿಶೇಷವಾಗಿ ಮುಖ್ಯವೆಂದೂ ಹೇಳುತ್ತದೆ. ಬೇರೆ ಸಭೆಗಳವರಿಗೂ ಈ ಎಚ್ಚರಿಕೆ ಒಪ್ಪಿಗೆಯಾದೀತು ಎಂದುಕೊಂಡಿದ್ದೇನೆ.

ಆಚರಣೆಯಲ್ಲಿ ಇದರ ಅರ್ಥವೇನು? ಪ್ರವೇಶಗೀತೆ, ಕಾಣಿಕೆಯ ಗೀತೆ, ಮುಕ್ತಾಯದ ಗೀತೆಯ ವೇಳೆ ಡಾಲಿ ಸರಿಯಲಿ. ಶುಭಸಂದೇಶದ ವಾಚನ, ಪ್ರತಿಷ್ಠಾಪನೆ (ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪವಿತ್ರಗೊಳಿಸುವ ಪ್ರಾರ್ಥನೆ) ಮತ್ತು ಮೌನಪ್ರಾರ್ಥನೆಯ ಹೊತ್ತಿನಲ್ಲಿ ಅದು ನಿಂತಲ್ಲೇ ನಿಂತಿರಲಿ, ನಡೆಸುವವರೂ ಅಲುಗಾಡದಿರಲಿ. ಪರಮಪ್ರಸಾದ ಸ್ವೀಕರಿಸುವವರ ಮುಖಗಳನ್ನು ಹತ್ತಿರದಿಂದ ತೋರಿಸಬೇಡಿ. ಅದು ಅವರ ಮತ್ತು ದೇವರ ನಡುವಿನ ಗಳಿಗೆ. ಆರಾಧನೆಯ ಕ್ರಮಪತ್ರದ ಒಂದು ಪ್ರತಿಯ ಮೇಲೆ ಚಲನೆಯ ಜಾಗಗಳನ್ನು ಗುರುಗಳ ಜೊತೆ ಕೂತು ಮುಂಚಿತವಾಗಿ ಗುರುತು ಮಾಡಿಕೊಂಡರೆ ಆಮೇಲೆ ಯಾರಿಗೂ ಗೊಂದಲವಿರುವುದಿಲ್ಲ.

ಹಾದಿಯ ವಿಷಯ ಇನ್ನೂ ಗಂಭೀರವಾದದ್ದು. ಬದಿಯ ಹಾದಿ ತುರ್ತು ಬಾಗಿಲಿಗೆ ಹೋಗುವ ದಾರಿಯಾಗಿದ್ದರೆ ಅಲ್ಲಿ ಹಳಿ ಹಾಕಲೇಬಾರದು. ಗಾಲಿಕುರ್ಚಿಯವರು ಯಾವ ಕಡೆಯಿಂದ ಬರುತ್ತಾರೆ, ಊರುಗೋಲು ಹಿಡಿದವರು ಎಲ್ಲಿ ಕೂರುತ್ತಾರೆ ಎಂಬುದನ್ನು ನೋಡಿಕೊಂಡು ಜಾಗ ಆರಿಸಿ. ಹಳಿಯ ಎರಡೂ ತುದಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಅಂಟಿಸಿ, ಹಾದಿಯನ್ನು ದಾಟುವ ಕೇಬಲ್ಲನ್ನು ಪೂರ್ತಿ ಉದ್ದಕ್ಕೂ ಮುಚ್ಚಿ. ಹಳಿಯ ಪಕ್ಕದಲ್ಲಿ ಸ್ವಯಂಸೇವಕರೊಬ್ಬರು ಇರಲೇಬೇಕು, ಮುಖ್ಯವಾಗಿ ಮಕ್ಕಳ ಸಲುವಾಗಿ. ಶವಸಂಸ್ಕಾರದ ಪ್ರಾರ್ಥನೆಯ ದಿನ ಡಾಲಿಯನ್ನು ಹೊರತೆಗೆಯುವ ಮೊದಲು ದಯವಿಟ್ಟು ಕುಟುಂಬದವರನ್ನು ಕೇಳಿ.

ಪ್ರಸಾರ_ಸೇವೆ:

ತಂಡದವರೆಲ್ಲರೂ ಈ ಉತ್ತರಗಳನ್ನು ಓದಿ ಮಾತಾಡಿಕೊಂಡೆವು. ತೀರ್ಮಾನ ಹೀಗಿದೆ. ಹಳಿಗೆ ಪಿವಿಸಿ ಬಿಟ್ಟು ಕಬ್ಬಿಣದ ದುಂಡು ಪೈಪನ್ನೇ ತರುತ್ತೇವೆ. ಮೋಟಾರಿನ ಹಣ ಉಳಿಯುವುದರಿಂದ ಅದು ಸಾಧ್ಯವಾಗುತ್ತದೆ. ನಮ್ಮ ಹಾದಿಯಲ್ಲಿ 55 ಸೆಂಟಿಮೀಟರ್ ಅಂತರಕ್ಕೆ ಜಾಗವಿದೆ, ಪಕ್ಕದಲ್ಲಿ ಗಾಲಿಕುರ್ಚಿ ಸಾಗುವಷ್ಟು ದಾರಿಯೂ ಉಳಿಯುತ್ತದೆ. ಚಕ್ರಗಳು ಮೂರು ಕಡೆ ಮಾತ್ರ. ಹಗ್ಗ ಮತ್ತು ರಬ್ಬರಿನಿಂದ ಎಳೆಯುವ ಅಭ್ಯಾಸವನ್ನು ಆರಾಧನೆಯಿಲ್ಲದ ದಿನಗಳಲ್ಲಿ ಮಾಡಿ, ಎಲ್ಲರಿಗೂ ಕೈ ಪಳಗಿದ ಮೇಲೆಯೇ ಪ್ರಸಾರದಲ್ಲಿ ಬಳಸುತ್ತೇವೆ. ಸಭಾಪಾಲಕರು ಸ್ತೋತ್ರಗೀತೆಗಳ ವೇಳೆ ಮಾತ್ರ ಚಲನೆಗೆ ಒಪ್ಪಿದ್ದಾರೆ, ನಮಗೂ ಅದೇ ಸರಿಯೆನಿಸಿತು. ಕೊನೆಯದಾಗಿ ಒಂದು ಪ್ರಶ್ನೆ: ವಾರವಿಡೀ ಇದನ್ನು ಉಗ್ರಾಣದಲ್ಲಿ ಇಡಬೇಕಾಗುತ್ತದೆ. ಇಡುವ ಕ್ರಮವೇನಾದರೂ ಇದೆಯೇ?

ಬಡಗಿಯ_ಕೈ:

ಇದೆ. ಪೈಪುಗಳನ್ನು ಗೋಡೆಗೆ ಓರೆಯಾಗಿ ಒರಗಿಸಬೇಡಿ. ಕಬ್ಬಿಣವಾದರೂ ನೆಲದ ಮೇಲೆ ಅಡ್ಡಪಟ್ಟಿಗಳ ಸಮೇತ ಮಲಗಿಸಿಯೇ ಇಡಿ. ತುಕ್ಕು ಹಿಡಿಯದಂತೆ ಎಣ್ಣೆ ಸವರುವುದಾದರೆ ತೀರಾ ತೆಳುವಾಗಿ ಸವರಿ, ಬಳಸುವ ದಿನ ಪೂರ್ತಿ ಒರೆಸಿ ತೆಗೆಯಿರಿ, ಇಲ್ಲವಾದರೆ ಚಕ್ರಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. ಡಾಲಿಯನ್ನು ಚಕ್ರಗಳು ಮೇಲಕ್ಕೆ ಬರುವಂತೆ ಮಗುಚಿ ಇಡಿ. ಮರಳುಚೀಲಗಳ ಭಾರವನ್ನು ಹೊತ್ತು ವಾರಗಟ್ಟಲೆ ಒಂದೇ ಕಡೆ ನಿಂತರೆ ಮೆದು ಚಕ್ರದ ಆ ಭಾಗ ಚಪ್ಪಟೆಯಾಗಿ, ಮುಂದಿನ ಸಲ ಪ್ರತಿ ಸುತ್ತಿಗೂ ಒಂದು ಎಗರು ಕೊಡುತ್ತದೆ. ಹಳಿಗಳಿಗೆ ಎಡ, ಬಲ, ಮುಂದೆ, ಹಿಂದೆ ಎಂದು ಬಣ್ಣದಲ್ಲಿ ಗುರುತು ಮಾಡಿ, ಬೆಣೆಗಳಿಗೂ ಅಡ್ಡಪಟ್ಟಿಗಳಿಗೂ ಒಂದೇ ಸಂಖ್ಯೆ ಬರೆದಿಡಿ. ಅದೇ ಜಾಗದಲ್ಲಿ ಮತ್ತೆ ಹಾಸುವಾಗ ರಸಮಟ್ಟ ಹಿಡಿದು ಮೊದಲಿನಿಂದ ಶುರುಮಾಡುವ ಅಗತ್ಯ ಬೀಳುವುದಿಲ್ಲ.